ನಾಮ ಮತ್ತು ವ್ಯಾಖ್ಯಾನ: ನೋಹ, ಬಸವ ಮತ್ತು ಶರಣಬಸವ ನಾಮಗಳ ನಿರುಕ್ತಿ

ಹೆಸರಿನ ಅರ್ಥವನ್ನು ಹೇಳುವುದು ಬೇರೆ, ಹೆಸರಿಗೆ ಅರ್ಥವನ್ನು ಹೇಳುವುದು ಬೇರೆ. ಮೊದಲನೆಯದು ಭಾಷಾಶಾಸ್ತ್ರಜ್ಞನ ಕೆಲಸ, ಎರಡನೆಯದು ವ್ಯಾಖ್ಯಾನಕಾರನದು. ಕನ್ನಡ ಸಂಶೋಧನೆಯು ತನ್ನ ಒಂದು ಶತಮಾನದ ಹಾದಿಯಲ್ಲಿ ಮೊದಲನೆಯದಕ್ಕೆ ಸಹಜವಾಗಿಯೇ ಮನ್ನಣೆ ನೀಡಿದೆ. ಸ್ಥಳನಾಮ, ವ್ಯಕ್ತಿನಾಮಗಳ ಅಧ್ಯಯನದಲ್ಲಿ ಧ್ವನಿ ವ್ಯತ್ಯಾಸದ ನಿಯಮಗಳಿಗೆ ಒಗ್ಗದ ವಿವರಣೆಗಳನ್ನೆಲ್ಲ ‘ಹುಸಿ ನಿರುಕ್ತಿ’ ಎಂದೋ ‘ಜನಪದ ನಿರುಕ್ತಿ’ ಎಂದೋ ಕರೆದು ಬದಿಗಿರಿಸಿದೆ. ಈ ಶಿಸ್ತು ಅಗತ್ಯವಾಗಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬದಿಗಿರಿಸಿದ ಆ ರಾಶಿಯಲ್ಲಿ ಕನ್ನಡದ ಓದಿನ ಒಂದು ದೀರ್ಘ ಪರಂಪರೆಯೇ ಅಡಗಿದೆಯೇ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ‘ಬಸವ’ ಎಂಬ ನಾಮವನ್ನು ವಚನಕಾರರು ಮತ್ತು ಅನಂತರದವರು ಓದಿಕೊಂಡ ಬಗೆ, ಆ ನಾಮವನ್ನೇ ಹೊತ್ತು ಕಲಬುರಗಿಯಲ್ಲಿ ನೆಲೆಗೊಂಡ ಶರಣಬಸವೇಶ್ವರ ಪರಂಪರೆ, ಇವೆರಡರ ನೆಲೆಯಲ್ಲಿ ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ. ಹೋಲಿಕೆಗೆ ಆಯ್ದುಕೊಂಡಿರುವುದು ಹೀಬ್ರೂ ಬೈಬಲಿನ ನೋಹ ಎಂಬ ನಾಮದ ಮೇಲೆ ಯಹೂದಿ ರಬ್ಬಿಗಳು ನಡೆಸಿದ ಚರ್ಚೆಯನ್ನು. ಎರಡು ಪರಂಪರೆಗಳ ನಡುವೆ ಕೊಡುಕೊಳೆ ನಡೆದಿತ್ತೆಂಬ ಸೂಚನೆ ಇಲ್ಲಿಲ್ಲ. ಒಂದೇ ಬಗೆಯ ತೊಡಕನ್ನು ಎರಡೂ ಹೇಗೆ ಎದುರಿಸಿದವು ಎಂಬುದಷ್ಟೇ ಇಲ್ಲಿಯ ಆಸಕ್ತಿ.

1

ಆದಿಕಾಂಡದ ಐದನೆಯ ಅಧ್ಯಾಯದಲ್ಲಿ ಲೆಮೆಕನಿಗೆ ಮಗ ಹುಟ್ಟುತ್ತಾನೆ. ದೇವರ ಶಾಪಕ್ಕೆ ಗುರಿಯಾದ ನೆಲದಲ್ಲಿ ದುಡಿದು ಬಳಲಿದ ನಮಗೆ ಇವನಿಂದ ಸಾಂತ್ವನ ದೊರೆಯುವುದೆಂದು ಹೇಳಿ ತಂದೆಯು ಮಗುವಿಗೆ ನೋಹ ಎಂದು ಹೆಸರಿಡುತ್ತಾನೆ. ಕನ್ನಡದಲ್ಲಿ ಓದುವವರಿಗೆ ಇದರಲ್ಲಿ ತೊಡಕೇನೂ ಕಾಣದು. ಹೀಬ್ರೂವಿನಲ್ಲಿ ಓದುವವರಿಗೆ ತೊಡಕು ಕೂಡಲೇ ಎದುರಾಗುತ್ತದೆ. ಆ ಹೆಸರಿನಲ್ಲಿರುವುದು ಎರಡೇ ಅಕ್ಷರ: ನೂನ್ ಮತ್ತು ಹೇತ್. ಈ ರೂಪ ಹೊಂದುವುದು ‘ವಿಶ್ರಮಿಸು’, ‘ನೆಲೆಗೊಳ್ಳು’ ಎಂಬ ಅರ್ಥದ ಧಾತುವಿಗೆ. ತಂದೆ ಹೇಳಿದ ಕಾರಣದಲ್ಲಿ ಬರುವ ಕ್ರಿಯಾಪದವಾದರೋ ‘ಸಂತೈಸು’ ಎಂಬ ಬೇರೊಂದು ಧಾತುವಿನದು. ಅಲ್ಲಿ ನೂನ್, ಹೇತ್‌ಗಳ ಜೊತೆಗೆ ಮೇಮ್ ಎಂಬ ಮೂರನೆಯ ಅಕ್ಷರವೂ ಇದೆ. ಹೆಸರು ಒಂದು ಧಾತುವಿನಿಂದ, ಹೆಸರಿಗೆ ಕೊಟ್ಟ ಕಾರಣ ಇನ್ನೊಂದು ಧಾತುವಿನಿಂದ.

ಸುಮಾರು ಕ್ರಿ.ಶ. 5ನೆಯ ಶತಮಾನದಲ್ಲಿ ಪ್ಯಾಲೆಸ್ಟೈನಿನಲ್ಲಿ ಸಂಕಲನಗೊಂಡ ಆದಿಕಾಂಡದ ವ್ಯಾಖ್ಯಾನ ‘ಬೆರೆಶೀತ್ ರಬ್ಬಾ’ ಈ ತೊಡಕನ್ನು ಮುಚ್ಚಿಡುವುದಿಲ್ಲ. ರಬ್ಬಿ ಯೋಹಾನಾನ್ ಅದನ್ನು ನೇರವಾಗಿಯೇ ಎತ್ತುತ್ತಾನೆ: ಇಲ್ಲಿ ನಾಮವು ವ್ಯಾಖ್ಯಾನಕ್ಕೆ ಹೊಂದುವುದಿಲ್ಲ, ವ್ಯಾಖ್ಯಾನವು ನಾಮಕ್ಕೆ ಹೊಂದುವುದಿಲ್ಲ, ‘ವಿಶ್ರಾಂತಿ ನೀಡುವನು’ ಎಂದು ಹೇಳಿ ನೋಹ ಎನ್ನಬೇಕಿತ್ತು, ಇಲ್ಲವೇ ‘ಸಂತೈಸುವನು’ ಎಂದು ಹೇಳಿ ನಹ್ಮಾನ್ ಎನ್ನಬೇಕಿತ್ತು. ಗಮನಿಸಬೇಕಾದುದೆಂದರೆ ಈ ಆಕ್ಷೇಪ ಶುದ್ಧ ವ್ಯಾಕರಣದ್ದು. ಪಠ್ಯವನ್ನು ದೇವವಾಣಿಯೆಂದು ನಂಬಿದವನೇ ಅದನ್ನು ಎತ್ತುತ್ತಿದ್ದಾನೆ. ಅದೂ ಪಠ್ಯವನ್ನು ಬಿಟ್ಟುಕೊಡುವುದಕ್ಕಾಗಿ ಅಲ್ಲ, ಅದರೊಳಗೆ ಇನ್ನಷ್ಟು ಇಳಿಯುವುದಕ್ಕಾಗಿ.

ಆಕ್ಷೇಪದ ಬೆನ್ನಿಗೇ ಪರಿಹಾರಗಳು ಬರುತ್ತವೆ. ಯೋಹಾನಾನನದೇ ಒಂದು ಪರಿಹಾರವಿದೆ. ಆದಿಮಾನವನನ್ನು ಸೃಷ್ಟಿಸಿದಾಗ ಹಸು ಉಳುವವನ ಮಾತನ್ನು ಕೇಳುತ್ತಿತ್ತು, ನೇಗಿಲ ಸಾಲೂ ಕೇಳುತ್ತಿತ್ತು. ಅವನು ತಪ್ಪಿ ನಡೆದಾಗ ಎರಡೂ ತಿರುಗಿಬಿದ್ದವು. ನೋಹ ಬಂದಾಗ ಅವು ಮತ್ತೆ ಶಾಂತವಾದವು. ಇನ್ನೊಬ್ಬ ರಬ್ಬಿಯ ಪ್ರಕಾರ, ಪ್ರಳಯದ ಅನಂತರ ನೋಹ ಅರ್ಪಿಸಿದ ಬಲಿಯ ಶಾಂತಿಕರ ಪರಿಮಳದಿಂದ ಈ ಹೆಸರು ಬಂದಿತು. ಮತ್ತೊಬ್ಬನ ಪ್ರಕಾರ ಅವನ ನಾವೆ ಬೆಟ್ಟದ ಮೇಲೆ ನೆಲೆಗೊಂಡದ್ದರಿಂದ ಬಂದಿತು. ಹುಟ್ಟಿದಾಗ ಇಟ್ಟ ಹೆಸರಿಗೆ ನೂರಾರು ವರ್ಷಗಳ ತರುವಾಯ ನಡೆಯುವ ಘಟನೆಯೇ ಕಾರಣವಾಗುವ ಈ ತಿರುವು ಚರಿತ್ರೆಯ ದೃಷ್ಟಿಗೆ ವಿಚಿತ್ರವೆನಿಸುತ್ತದೆ, ಪಠ್ಯದ ದೃಷ್ಟಿಗಲ್ಲ. ಮೂಲವನ್ನು ಬಿಡಿಸಿ ನೋಡಿದರೆ ರಬ್ಬಿಗಳ ಕಿವಿ ಎಷ್ಟು ಸೂಕ್ಷ್ಮವಾಗಿತ್ತೆಂಬುದು ತಿಳಿಯುತ್ತದೆ. ಮನುಷ್ಯನನ್ನು ಸೃಷ್ಟಿಸಿದ್ದಕ್ಕೆ ದೇವರು ಮರುಗುವಲ್ಲಿ ಬರುವುದು ‘ಸಂತೈಸು’ವಿನ ಧಾತುವೇ. ನಾವೆ ನೆಲೆಗೊಳ್ಳುವಲ್ಲಿ, ಪಾರಿವಾಳಕ್ಕೆ ಕಾಲೂರಲು ತಾವು ಸಿಗದಿರುವಲ್ಲಿ, ಬಲಿಯ ಪರಿಮಳದಲ್ಲಿ ಬರುವುದು ‘ವಿಶ್ರಮಿಸು’ವಿನ ಧಾತು. ದೇವರ ಕೃಪೆಗೆ ನೋಹ ಪಾತ್ರನಾದನೆಂಬಲ್ಲಿ ‘ಕೃಪೆ’ ಎಂಬ ಪದವು ಅವನ ಹೆಸರಿನ ಎರಡು ಅಕ್ಷರಗಳನ್ನು ತಿರುವುಮುರುವು ಮಾಡಿದ್ದು. ಅಂದರೆ ಇಡೀ ಪ್ರಳಯಕಥೆಯೇ ಒಂದು ಹೆಸರಿನ ಅಕ್ಷರಗಳ ಸುತ್ತ ಸುಳಿಯುತ್ತಿದೆ.

ಫ್ರಾನ್ಸಿನ ತ್ರ್ವಾ ಪಟ್ಟಣದ ರಾಶಿ (1040-1105) ಈ ಚರ್ಚೆಯನ್ನು ಕೆಲವೇ ವಾಕ್ಯಗಳಿಗೆ ಇಳಿಸಿದ. ‘ಸಂತೈಸು’ ಎಂಬ ಪದವನ್ನು ‘ನಮ್ಮಿಂದ ಶ್ರಮವನ್ನು ಇಳಿಸು’ ಎಂದು ಬಿಡಿಸಿಕೊಳ್ಳಬೇಕು, ಹಾಗೆ ಮಾಡದಿದ್ದರೆ ಮಗುವಿಗೆ ಮೆನಾಹೆಮ್ ಎಂದು ಹೆಸರಿಡಬೇಕಾಗುತ್ತಿತ್ತು ಎಂಬುದು ಅವನ ವಾದ. ಶ್ರಮ ಇಳಿದದ್ದು ಹೇಗೆ? ನೋಹನಿಗೆ ಮುಂಚೆ ಉಳುವ ಸಾಧನಗಳಿರಲಿಲ್ಲ, ಅವನು ಅವನ್ನು ಸಿದ್ಧಪಡಿಸಿಕೊಟ್ಟ. ಗೋಧಿ ಬಿತ್ತಿದರೆ ಮುಳ್ಳು ಬೆಳೆಯುತ್ತಿದ್ದ ನೆಲ ಅವನ ಕಾಲದಲ್ಲಿ ತಣಿಯಿತು. ರಾಶಿ ತ್ರ್ವಾದಲ್ಲಿ ಹೀಗೆ ಬರೆಯುತ್ತಿದ್ದ ದಶಕಗಳಲ್ಲಿ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (1076-1126) ಆಳ್ವಿಕೆಯಿತ್ತು. ಅವನ ಆಶ್ರಯದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದ. ಒಂದೇ ಕಾಲದಲ್ಲಿ, ಪರಸ್ಪರ ಅರಿಯದ ಎರಡು ಊರುಗಳಲ್ಲಿ, ಮಿತವಾದ ಅಕ್ಷರಗಳಲ್ಲಿ ಮೂಲವನ್ನು ಬಿಡಿಸುವ ಆದರ್ಶ ಹೀಗೆ ನೆಲೆಗೊಂಡಿತ್ತು.

ನಾಮದ ವಿಷಯದಲ್ಲಿ ರಬ್ಬಿಗಳೆಲ್ಲ ಏಕಾಭಿಪ್ರಾಯದವರಲ್ಲ. ಹೆಸರೇ ಬಾಳನ್ನು ರೂಪಿಸುತ್ತದೆ ಎಂಬ ಮತವೊಂದು ತಾಲ್ಮೂದಿನಲ್ಲಿದೆ. ಅದಕ್ಕೆ ಆಧಾರವಾಗಿ ಕೀರ್ತನೆಯೊಂದರ ‘ವಿನಾಶಗಳು’ ಎಂಬ ಪದವನ್ನು ಸ್ವರ ಬದಲಿಸಿ ‘ಹೆಸರುಗಳು’ ಎಂದು ಓದಲಾಗುತ್ತದೆ. ಸ್ವರಚಿಹ್ನೆಯಿಲ್ಲದ ಲಿಪಿ ಇಂಥ ಓದಿಗೆ ಎಡೆಮಾಡಿಕೊಡುತ್ತದೆ. ರಬ್ಬಿ ಮೇಯೀರ್ ಛತ್ರದ ಒಡೆಯನ ಹೆಸರನ್ನು ಕೇಳಿಯೇ ಅವನನ್ನು ನಂಬದೆ ಹಣದ ಚೀಲವನ್ನು ಅವನ ವಶಕ್ಕೆ ಕೊಡದೆ ಉಳಿಸಿಕೊಂಡ, ಅವನ ಜೊತೆಗಾರರು ಕೊಟ್ಟು ಮೋಸಹೋದರು ಎಂಬ ಕಥೆಯೂ ಅಲ್ಲಿದೆ. ಇದು ವ್ಯಾಖ್ಯಾನಕ್ಕಿಂತ ಶಕುನಕ್ಕೆ ಹತ್ತಿರವಾದದ್ದು. ಯೋಹಾನಾನನ ಪ್ರಶ್ನೆಯ ಗಾಂಭೀರ್ಯ ಇದಕ್ಕಿಲ್ಲ.

2

‘ಬಸವ’ ಎಂಬುದು ಸಂಸ್ಕೃತದ ‘ವೃಷಭ’ ಶಬ್ದವು ಪ್ರಾಕೃತದ ‘ವಸಹ’ ರೂಪದ ಮೂಲಕ ಕನ್ನಡಕ್ಕೆ ಬಂದ ತದ್ಭವ. ಇಂಥ ಪರಿವರ್ತನೆಯ ನಿಯಮಗಳನ್ನು ಕೇಶಿರಾಜ 13ನೆಯ ಶತಮಾನದಲ್ಲಿಯೇ ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ನಿರೂಪಿಸಿದ್ದಾನೆ. ಇಷ್ಟನ್ನು ಹೇಳಿದರೆ ಹೆಸರಿನ ಅರ್ಥ ಮುಗಿಯಿತು: ಬಸವ ಎಂದರೆ ಎತ್ತು, ಗೂಳಿ. ಹೆಸರಿಗೆ ಹೇಳಿದ ಅರ್ಥಗಳು ಮಾತ್ರ ಇಲ್ಲಿಂದ ಆರಂಭವಾಗುತ್ತವೆ.

ಅವುಗಳಲ್ಲಿ ಒಂದು ಪುರಾಣದ ದಾರಿ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, ಅದನ್ನು ಅನುಸರಿಸಿ ಭೀಮಕವಿ 1369ರಲ್ಲಿ ರಚಿಸಿದ ಕನ್ನಡ ಬಸವಪುರಾಣ, ಇವುಗಳಲ್ಲಿ ಬಸವಣ್ಣ ನಂದಿಯ ಅವತಾರ. ತಾಯಿ ನಂದಿಯನ್ನು ಆರಾಧಿಸಿದ ಫಲವಾಗಿ ಹುಟ್ಟಿದ ಮಗುವಿಗೆ ನಂದಿಯ ಹೆಸರೇ ಸಲ್ಲುತ್ತದೆ. ಇಲ್ಲಿ ನಾಮದ ವಾಚ್ಯಾರ್ಥವೇ ಜೀವನಚರಿತ್ರೆಯಾಗಿ ಬೆಳೆದಿದೆ. ‘ಎತ್ತು’ ಎಂಬ ಅರ್ಥ ಕೈಲಾಸದವರೆಗೆ ಹಿಂದಕ್ಕೆ ಚಾಚಿ ಹುಟ್ಟಿಗೆ ಕಾರಣವಾಗಿದೆ. ಧ್ವನಿಶಾಸ್ತ್ರದ ದೃಷ್ಟಿಯಿಂದ ಈ ವಿವರಣೆಯಲ್ಲಿ ದೋಷವಿಲ್ಲ. ಆದರೂ 20ನೆಯ ಶತಮಾನದ ಸಂಶೋಧಕರು ಬಸವಣ್ಣನನ್ನು ಚಾರಿತ್ರಿಕ ವ್ಯಕ್ತಿಯಾಗಿ ಸ್ಥಾಪಿಸಲು ಮೊದಲು ದಾಟಬೇಕಾದದ್ದು ಈ ಅವತಾರದ ಕಥನವನ್ನೇ. ವ್ಯುತ್ಪತ್ತಿ ಸರಿಯಿದ್ದ ಮಾತ್ರಕ್ಕೆ ವ್ಯಾಖ್ಯಾನ ಸರಿಯಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಇನ್ನೊಂದು ಅಕ್ಷರದ ದಾರಿ. ಬಕಾರವನ್ನು ಗುರುವಾಗಿಯೂ ಸಕಾರವನ್ನು ಲಿಂಗವಾಗಿಯೂ ವಕಾರವನ್ನು ಜಂಗಮವಾಗಿಯೂ ಕಾಣುವ ವಿವರಣೆ ವಚನಗಳಲ್ಲಿಯೂ ಅನಂತರದ ವೀರಶೈವ ಸಾಹಿತ್ಯದಲ್ಲಿಯೂ ಪ್ರಸಿದ್ಧವಾಗಿದೆ. ಇಲ್ಲಿ ಎತ್ತು ಸಂಪೂರ್ಣವಾಗಿ ಮರೆಯಾಗಿದೆ. ಹೆಸರು ಒಂದು ಪ್ರಾಣಿಯನ್ನಾಗಲಿ ಒಬ್ಬ ವ್ಯಕ್ತಿಯನ್ನಾಗಲಿ ಸೂಚಿಸದೆ ಒಂದು ತತ್ತ್ವವ್ಯವಸ್ಥೆಯನ್ನೇ ಸೂಚಿಸುತ್ತದೆ. ಈ ವಿಧಾನದ ಮೂಲ ಮಂತ್ರಶಾಸ್ತ್ರದಲ್ಲಿದೆ: ಪಂಚಾಕ್ಷರಿಯ ಒಂದೊಂದು ಅಕ್ಷರಕ್ಕೆ ಒಂದೊಂದು ತತ್ತ್ವವನ್ನು, ಓಂಕಾರ ಸೇರಿದ ಷಡಕ್ಷರಿಗೆ ಷಟ್‌ಸ್ಥಲಗಳನ್ನು ಹೊಂದಿಸುವ ಕ್ರಮ ಅದು. ಅದೇ ಕ್ರಮದಿಂದ ಬಸವನಾಮವನ್ನು ಬಿಡಿಸಿದಾಗ ಮನುಷ್ಯನೊಬ್ಬನ ಹೆಸರು ಮಂತ್ರದ ಸ್ಥಾನಕ್ಕೆ ಏರುತ್ತದೆ. ‘ಸಿದ್ಧಾಂತಶಿಖಾಮಣಿ’ಯು ‘ವೀರ’ ಪದದ ‘ವೀ’ಯನ್ನು ಶಿವಜೀವೈಕ್ಯವನ್ನು ತಿಳಿಸುವ ವಿದ್ಯೆಯೆಂದೂ ಉಳಿದುದನ್ನು ಅದರಲ್ಲಿ ರಮಿಸುವುದೆಂದೂ ವಿವರಿಸುವುದು ಇದೇ ಜಾತಿಯ ನಿರುಕ್ತಿ.

ಒಂದು ಸಂಗತಿಯನ್ನು ಇಲ್ಲಿ ಒತ್ತಿ ಹೇಳಬೇಕು. ಗುರು-ಲಿಂಗ-ಜಂಗಮ ಎಂಬ ಅಕ್ಷರವಿವರಣೆ ನಿಂತಿರುವುದು ‘ವೃಷಭ’ದ ಮೇಲಲ್ಲ, ‘ಬಸವ’ದ ಮೇಲೆ, ಸಂಸ್ಕೃತದ ತತ್ಸಮದ ಮೇಲಲ್ಲ, ಕನ್ನಡದ ನಾಲಿಗೆಯಲ್ಲಿ ತಿದ್ದಿಕೊಂಡ ರೂಪದ ಮೇಲೆ. ಅಕ್ಷರಕ್ಕೊಂದು ಅರ್ಥವನ್ನು ಆರೋಪಿಸುವ ಗೌರವ ಸಾಮಾನ್ಯವಾಗಿ ಸಲ್ಲುತ್ತಿದ್ದುದು ಸಂಸ್ಕೃತದ ಮಂತ್ರಕ್ಕೆ. ಅದು ಇಲ್ಲಿ ತದ್ಭವವೊಂದಕ್ಕೆ ಸಂದಿದೆ. ‘ಅಪಭ್ರಂಶ’ ಎಂದು ವೈಯಾಕರಣ ಕರೆದುದನ್ನು ಶರಣರು ಮೂಲವೆಂದೇ ಸ್ವೀಕರಿಸಿದರು. ಈ ವಿವರಣೆಯನ್ನು ಹುಸಿ ನಿರುಕ್ತಿಯೆಂದು ತಳ್ಳಿಹಾಕಿದರೆ ಕನ್ನಡ ಭಾಷೆಯ ಚರಿತ್ರೆಯಲ್ಲಿ ನಡೆದ ಈ ಪಲ್ಲಟವೂ ಅದರೊಡನೆ ಕಣ್ಮರೆಯಾಗುತ್ತದೆ.

ಲಿಪಿಯ ಭೇದವೂ ಗಣನೀಯ. ಹೀಬ್ರೂವಿನ ಅಕ್ಷರ ಬರಿಯ ವ್ಯಂಜನ. ಸ್ವರವನ್ನು ಓದುಗನೇ ತುಂಬಬೇಕು. ಹೀಗಾಗಿ ರಬ್ಬಿಗಳ ಆಟ ಸ್ವರವನ್ನು ಬದಲಿಸುವುದರಲ್ಲಿ, ಧಾತುವನ್ನು ಹಿಗ್ಗಿಸುವುದರಲ್ಲಿ, ಅಕ್ಷರಗಳನ್ನು ತಿರುಗಿಸುವುದರಲ್ಲಿ ಇದೆ. ಕನ್ನಡದ ಅಕ್ಷರ ಸ್ವರಸಹಿತವಾದ ಪೂರ್ಣ ಘಟಕ. ಅದನ್ನು ಬಗ್ಗಿಸಲಾಗದು, ಬಿಡಿಸಿ ಎಣಿಸಬಹುದು. ಮೂರು ಅಕ್ಷರ ಸಿಕ್ಕಿದ ಕೂಡಲೇ ಮೂರರ ತತ್ತ್ವವೊಂದು ಬಂದು ಕೂಡುವುದು ಈ ಲಿಪಿಯ ಸ್ವಭಾವಕ್ಕೆ ಅನುಗುಣವಾಗಿಯೇ ಇದೆ.

ಆದರೆ ಯೋಹಾನಾನನಿಗೆ ಸಮನಾದ ಧ್ವನಿ ಬಸವನಾಮದ ವ್ಯಾಖ್ಯಾನದಲ್ಲಿ ಎಲ್ಲಿದೆ? ನಾಮಕ್ಕೂ ವ್ಯಾಖ್ಯಾನಕ್ಕೂ ಹೊಂದಿಕೆಯಿಲ್ಲವೆಂದು ಪರಂಪರೆಯ ಒಳಗಿನಿಂದಲೇ ಎದ್ದ ಆಕ್ಷೇಪ ಇಲ್ಲಿ ಸುಲಭವಾಗಿ ಕಾಣಸಿಗದು. ಹಾಗೆಂದು ವ್ಯುತ್ಪತ್ತಿಯ ಜ್ಞಾನ ಕನ್ನಡದಲ್ಲಿ ಇರಲಿಲ್ಲವೆಂದಲ್ಲ, ಕೇಶಿರಾಜನಿದ್ದ. ಭಾರತೀಯ ಚಿಂತನೆಗೂ ಈ ವಾದ ಹೊಸದಲ್ಲ: ನಾಮಗಳೆಲ್ಲವೂ ಧಾತುಜನ್ಯವೆಂದು ಶಾಕಟಾಯನ, ಎಲ್ಲವೂ ಅಲ್ಲವೆಂದು ಗಾರ್ಗ್ಯ ವಾದಿಸಿದ್ದನ್ನು ಯಾಸ್ಕನ ನಿರುಕ್ತವೇ ದಾಖಲಿಸಿದೆ. ಕನ್ನಡದಲ್ಲಿ ವ್ಯಾಕರಣದ ತೊರೆ ಮತ್ತು ಅನುಭಾವದ ತೊರೆ ಬೇರೆಬೇರೆಯಾಗಿ ಹರಿದವು. ಸಂವಾದಕ್ಕೆ ಹೆಸರಾದ ಶೂನ್ಯಸಂಪಾದನೆಯಲ್ಲಿ ಅಲ್ಲಮ ಪ್ರತಿಯೊಬ್ಬ ಶರಣನ ನಿಲುವನ್ನೂ ಪರೀಕ್ಷೆಗೆ ಒಡ್ಡುತ್ತಾನೆ. ಆದರೆ ಆ ಪರೀಕ್ಷೆ ಅನುಭಾವದ್ದು, ಶಬ್ದದ್ದಲ್ಲ. ಎರಡು ತೊರೆಗಳು ಎದುರಾದದ್ದು ಬಹಳ ತಡವಾಗಿ, ಕಿಟೆಲ್ ಕೋಶ (1894) ಮತ್ತು ಆಧುನಿಕ ಭಾಷಾಶಾಸ್ತ್ರದ ಕಾಲದಲ್ಲಿ. ಆಗ ಆಕ್ಷೇಪವು ಹೊರಗಿನದಾಗಿ ತೋರಿತು. ಒಂದು ಕಡೆ ಭಕ್ತಿ, ಇನ್ನೊಂದು ಕಡೆ ಶಾಸ್ತ್ರ ಎಂಬ ಬೇಲಿ ಬಿದ್ದಿತು. ನೋಹನಾಮದ ಚರ್ಚೆಯನ್ನು ಓದಿದವರಿಗೆ ಈ ಬೇಲಿ ಅನಿವಾರ್ಯವೆಂದು ತೋರುವುದಿಲ್ಲ.

3

ಈಗಿನ ಕಲಬುರಗಿ ಜಿಲ್ಲೆಯ ಜೇವರ್ಗಿ ಸೀಮೆಯ ಅರಳಗುಂಡಗಿಯ ಒಕ್ಕಲು ಮನೆತನದ ಶರಣಬಸವರು (1746-1822) ಊರಲ್ಲಿ ದಾಸೋಹ ನಡೆಸಿ, ಅನಂತರ ಕಲಬುರಗಿಗೆ ಬಂದು ನೆಲೆಸಿದವರು. ಅವರ ಸಮಾಧಿಯ ಮೇಲೆ ಇಂದಿನ ಶರಣಬಸವೇಶ್ವರ ದೇವಸ್ಥಾನವಿದೆ. ಗರ್ಭಗುಡಿಯಲ್ಲಿ ಗುರುಶಿಷ್ಯರ ಜೋಡುಮೂರ್ತಿಗೆ ಪೂಜೆ ಸಲ್ಲುತ್ತದೆ. ಹೋಳಿಯ ಅನಂತರದ ಜಾತ್ರೆಯಲ್ಲಿ ತೇರಿನ ಮೇಲಿಂದ ಪೀಠಾಧಿಪತಿಗಳು ಪರುಷಬಟ್ಟಲನ್ನು ಭಕ್ತರಿಗೆ ತೋರಿಸುತ್ತಾರೆ.

‘ಶರಣಬಸವ’ ಎಂಬ ಸಮಾಸವನ್ನು ಹೇಗೆ ಬಿಡಿಸಬೇಕು? ಸಂಸ್ಕೃತದಲ್ಲಿ ‘ಶರಣ’ ಎಂದರೆ ಆಶ್ರಯ, ರಕ್ಷಣೆ. ವಚನಗಳಲ್ಲಿ ಅದು ಆಶ್ರಯ ಪಡೆದವನನ್ನು ಹೇಳುವ ಪದವಾಗಿದೆ. ಷಟ್‌ಸ್ಥಲದಲ್ಲಿ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿಗಳನ್ನು ದಾಟಿ ಐಕ್ಯಕ್ಕೆ ಹಿಂದಿನ ಮೆಟ್ಟಿಲಾಗಿಯೂ ನಿಂತಿದೆ. ಆಶ್ರಯದ ಹೆಸರೇ ಆಶ್ರಿತನ ಹೆಸರಾದ ಈ ಅರ್ಥಪಲ್ಲಟದಿಂದ ಸಮಾಸ ಹಲವು ದಿಕ್ಕಿಗೆ ತೆರೆಯುತ್ತದೆ. ಶರಣನಾದ ಬಸವ ಎಂದರೆ ಕರ್ಮಧಾರಯ. ಶರಣರಿಗೆ ಬಸವನಂತಿರುವವನು ಎಂದರೆ ತತ್ಪುರುಷ. ಬಸವನೇ ಶರಣವಾಗಿ, ಅಂದರೆ ಆಶ್ರಯವಾಗಿ, ಉಳ್ಳವನು ಎಂದರೆ ಬಹುವ್ರೀಹಿ. ಈ ಕೊನೆಯ ಬಿಡಿಕೆಯಲ್ಲಿ ಹೆಸರು ಹೊತ್ತವನು ಹನ್ನೆರಡನೆಯ ಶತಮಾನದ ಬಸವನಿಂದ ಬೇರೆಯಾಗಿ, ಅವನ ಆಶ್ರಿತನಾಗಿ ನಿಲ್ಲುತ್ತಾನೆ. ಮೊದಲನೆಯದರಲ್ಲಿ ಅವನೇ ಇನ್ನೊಬ್ಬ ಬಸವ. ಭಕ್ತರ ಬಾಯಲ್ಲಿ ಈ ಎರಡೂ ಅರ್ಥಗಳು ಒಂದಕ್ಕೊಂದು ಅಡ್ಡಬಾರದೆ ಬಾಳುತ್ತಿವೆ.

‘ಶರಣಬಸವೇಶ್ವರ’ ಎಂದಾಗ ವೈಯಾಕರಣನಿಗೆ ಇನ್ನೊಂದು ಕಿರಿಕಿರಿ. ತತ್ಸಮ, ತದ್ಭವ, ಮತ್ತೆ ತತ್ಸಮ. ಅದರ ಮೇಲೆ ತದ್ಭವದ ಕೊನೆಗೆ ಗುಣಸಂಧಿ. ಅರಿಸಮಾಸದ ನಿಷೇಧವನ್ನು ಕಟ್ಟುನಿಟ್ಟಾಗಿ ಪಾಲಿಸುವವರು ಇದನ್ನು ಒಪ್ಪಲಾರರು. ಊರವರು ಇತ್ತ ಅದನ್ನು ‘ಶರಣಬಸಪ್ಪ’ ಎಂದು ಕನ್ನಡಕ್ಕೆ ಒಗ್ಗಿಸಿಕೊಂಡಿದ್ದಾರೆ. ಈ ರೂಪದಲ್ಲಿ ಬಸವನ ವಕಾರ ಬಿದ್ದುಹೋಗಿದೆ. ಬಸವನಾಮದ ಅಕ್ಷರವ್ಯಾಖ್ಯಾನವನ್ನು ಒಪ್ಪಿದವರ ಲೆಕ್ಕದಲ್ಲಿ ಅದು ಜಂಗಮದ ಅಕ್ಷರ! ರಬ್ಬಿಗಳಾಗಿದ್ದರೆ ಇದನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಸಾರೈ ಎಂಬ ಹೆಸರು ಸಾರಾ ಆದಾಗ ಉದುರಿದ ಯೋದ್ ಎಂಬ ಪುಟ್ಟ ಅಕ್ಷರ ದೇವರ ಸಿಂಹಾಸನದ ಮುಂದೆ ಹೋಗಿ ದೂರು ಹೇಳಿತೆಂದೂ, ಕೊನೆಗೆ ಹೋಶೇಯನ ಹೆಸರಿನ ಮೊದಲಿಗೆ ಸೇರಿ ಅವನನ್ನು ಯೆಹೋಶುವನನ್ನಾಗಿ ಮಾಡಿತೆಂದೂ ಬೆರೆಶೀತ್ ರಬ್ಬಾ ಕಥೆ ಕಟ್ಟಿದೆ. ಕಲಬುರಗಿಯ ಬಸಪ್ಪನ ವಕಾರ ಹೀಗೆ ದೂರು ಹೇಳಿದ್ದು ಕೇಳಿಬಂದಿಲ್ಲ. ಆದರೆ ಬಿದ್ದ ವಕಾರದ ತಾವಿನಲ್ಲಿ ಬಂದು ಕುಳಿತ ‘ಅಪ್ಪ’ ಎಂಬ ಬಂಧುವಾಚಕ ಆ ಪೀಠದ ಬಿರುದೇ ಆಯಿತು. 2025ರ ಆಗಸ್ಟ್‌ನಲ್ಲಿ ಲಿಂಗೈಕ್ಯರಾದ ಎಂಟನೆಯ ಮಹಾದಾಸೋಹ ಪೀಠಾಧಿಪತಿಗಳ ಹೆಸರು ಶರಣಬಸವಪ್ಪ ಅಪ್ಪ. ಅವರಿಗೆ ಹಿಂದಿನವರು ದೊಡ್ಡಪ್ಪ ಅಪ್ಪ; 1934ರಲ್ಲಿ ವಿದ್ಯಾವರ್ಧಕ ಸಂಘವನ್ನು ಕಟ್ಟಿದವರು. ಅವರ ಹೆಸರು ಈ ಪರಂಪರೆಯ ಆದಿಪುರುಷರಾದ ಆದಿ ದೊಡ್ಡಪ್ಪ ಶರಣರದೇ. ನಾಮ ಇಲ್ಲಿ ತಲೆಮಾರುಗಳ ನಡುವಿನ ಕೊಂಡಿ.

ಶರಣಬಸವರ ಕುರಿತು ಭಕ್ತರು ಹೇಳುವ ಕಥೆಗಳಲ್ಲಿ ಜೋಳದ ಹೊಲದ ಕಥೆಗೆ ವಿಶೇಷ ಸ್ಥಾನವಿದೆ. ಬೆಳೆ ಕಾಯಲು ಹೋದವರು ಹಕ್ಕಿಗಳನ್ನು ಕವಣೆ ಬೀಸಿ ಓಡಿಸಲಿಲ್ಲ, ತಿನ್ನಲು ಬಿಟ್ಟರು. ಆದರೂ ರಾಶಿ ಮಾಡುವಾಗ ಫಸಲು ಕಡಿಮೆಯಾಗಲಿಲ್ಲ ಎಂಬುದು ಅದರ ತಿರುಳು. ನೋಹನ ಕಾಲದಲ್ಲಿ ಹಸುವೂ ಸಾಲೂ ಉಳುವವನಿಗೆ ಒಲಿದವೆಂಬ ಕಥೆಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಬೇಕು. ಎರಡರಲ್ಲಿಯೂ ನೆಲದೊಡನೆ ಮನುಷ್ಯನಿಗಿರುವ ಜಗಳವೊಂದು ಶಮನಗೊಳ್ಳುತ್ತದೆ. ಎರಡರಲ್ಲಿಯೂ ಅದು ಹೆಸರಿಗೆ ಸಂಬಂಧಿಸಿದೆ: ಒಂದು ಹೆಸರಿನ ಅರ್ಥ ವಿಶ್ರಾಂತಿ, ಇನ್ನೊಂದು ಹೆಸರಿನಲ್ಲಿ ಎತ್ತು ಇದೆ. ಭೇದವೆಂದರೆ ನೋಹನ ಕಥೆಯನ್ನು ರಬ್ಬಿಗಳು ಹೆಸರಿನಿಂದಲೇ ಹುಟ್ಟಿಸಿದರು. ಶರಣಬಸವರ ಕಥೆಯನ್ನು ಹೇಳುವವರು ಹೆಸರನ್ನು ವಿವರಿಸುವ ಗೋಜಿಗೆ ಹೋಗುವುದಿಲ್ಲ. ಹೋಗಬೇಕಾಗಿಯೂ ಇಲ್ಲ. ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನ ಎತ್ತು ಮಾಡಿ ಪೂಜಿಸುವ, ಎತ್ತನ್ನು ‘ಬಸವಣ್ಣ’ ಎಂದೇ ಕರೆಯುವ ಒಕ್ಕಲು ಜನರ ನಡುವೆ ಆ ಹೆಸರಿನ ವಾಚ್ಯಾರ್ಥ ಇನ್ನೂ ಸವೆದಿಲ್ಲ. ಅಕ್ಷರದ ದಾರಿಯಲ್ಲಿ ಮರೆಯಾಗಿದ್ದ ಎತ್ತು ಇಲ್ಲಿ ಮತ್ತೆ ಹೊಲಕ್ಕೆ ಬಂದಿದೆ. ಆದರೆ ಪುರಾಣದ ನಂದಿಯಾಗಿ ಅಲ್ಲ, ದುಡಿಮೆಯ ಜೊತೆಗಾರನಾಗಿ.

‘ದಾಸೋಹ’ ಎಂಬ ಪದದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಮೂಲದಲ್ಲಿ ಅದು ಪದವಲ್ಲ, ವಾಕ್ಯ: ‘ನಾನು ದಾಸ’ ಎಂಬ ಅರ್ಥದ ‘ದಾಸೋಽಹಂ’. ಅದ್ವೈತಿಗಳ ‘ಸೋಽಹಂ’ಗೆ ಎದುರಾಗಿ ವಚನಕಾರರು ಅದನ್ನು ನಿಲ್ಲಿಸಿದರು. ಕನ್ನಡದಲ್ಲಿ ಅದು ಕೊನೆಯ ಬಿಂದುವನ್ನು ಕಳೆದುಕೊಂಡು ನಾಮಪದವಾಯಿತು; ‘ಅಹಂ’ ಅಳಿದು ಅನ್ನವಾಯಿತು ಎಂದರೂ ಸಲ್ಲುತ್ತದೆ. ಕಲಬುರಗಿಯ ಗುಡಿಯಲ್ಲಿ ದಾಸೋಹವೆಂದರೆ ಯಾರಿಗೂ ಸಂಸ್ಕೃತದ ವಾಕ್ಯ ನೆನಪಾಗುವುದಿಲ್ಲ, ಪಂಕ್ತಿಯಲ್ಲಿ ಕೂತು ಉಣ್ಣುವುದು ನೆನಪಾಗುತ್ತದೆ. ಇದು ವ್ಯಾಖ್ಯಾನವೇ, ಗ್ರಂಥದಲ್ಲಿಲ್ಲ, ಅಡುಗೆಮನೆಯಲ್ಲಿದೆ.

4

ಇಂಥ ನಾಮಗಳು ಭಾಷೆಯಿಂದ ಭಾಷೆಗೆ ದಾಟುವಾಗ ಏನಾಗುತ್ತದೆ ಎಂಬುದನ್ನು ಕೊನೆಯಲ್ಲಿ ಗಮನಿಸಬಹುದು. 19ನೆಯ ಶತಮಾನದ ಮೊದಲ ದಶಕಗಳಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮುಂತಾದವರು ಬೈಬಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ತೊಡಗಿದ್ದರು. ಶರಣಬಸವರ ಕೊನೆಯ ವರ್ಷಗಳೂ ಅವೇ. ಕನ್ನಡ ಬೈಬಲಿನಲ್ಲಿ ‘ನೋಹ’ ಎಂಬ ಹೆಸರಿಗೂ ಅದಕ್ಕೆ ತಂದೆ ಕೊಡುವ ಕಾರಣಕ್ಕೂ ನಡುವೆ ಒಂದು ಅಕ್ಷರದ ನಂಟೂ ಉಳಿದಿಲ್ಲ. ಯೋಹಾನಾನ್ ಎತ್ತಿದ ಆಕ್ಷೇಪವೇ ಇಲ್ಲಿ ಹುಟ್ಟಲಾರದು. ಹೊಂದಿಕೆ ಇದ್ದರಲ್ಲವೇ ಹೊಂದಿಕೆ ಸಾಲದೆನ್ನುವುದು! ಬಸವನಾಮದ ಅಕ್ಷರವ್ಯಾಖ್ಯಾನವನ್ನು ಒಳಗೊಂಡ ವಚನಗಳನ್ನು ಇಂಗ್ಲಿಷಿಗೆ ತರುವವರಿಗೂ ಇದೇ ಗತಿ. ಅಲ್ಲಿ ಬ, ಸ, ವಗಳು ಒಂದೊಂದೂ ಎರಡೆರಡು ಅಕ್ಷರಗಳಾಗಿ ಒಡೆದು, ಮೂರಕ್ಕೆ ಮೂರು ಹೊಂದುವ ಲೆಕ್ಕವೇ ತಪ್ಪುತ್ತದೆ. ಅನುವಾದಕರು ಇಂಥಲ್ಲಿ ಅಡಿಟಿಪ್ಪಣಿಯ ಮೊರೆಹೋಗುತ್ತಾರೆ. ಆ ಅಡಿಟಿಪ್ಪಣಿಯಲ್ಲಿ ‘ಬಸವ’ವು ‘ವೃಷಭ’ದ ತದ್ಭವ ಎಂಬ ಒಂದೇ ಸಾಲನ್ನು ಕೊಟ್ಟು ಮುಗಿಸಬೇಕೆ, ಗುರು-ಲಿಂಗ-ಜಂಗಮದ ವಿವರಣೆಯನ್ನೂ ಅದರ ಪಕ್ಕದಲ್ಲಿಯೇ ಕೊಡಬೇಕೆ ಎಂಬ ತೀರ್ಮಾನ ಸಂಪಾದಕರದು. ಬೆರೆಶೀತ್ ರಬ್ಬಾದ ಸಂಕಲನಕಾರರು ಎರಡನ್ನೂ ಪಕ್ಕಪಕ್ಕದಲ್ಲಿಯೇ ಇರಿಸಿದರು, ಆಕ್ಷೇಪವನ್ನು ಮೊದಲು, ಪರಿಹಾರಗಳನ್ನು ಆಮೇಲೆ.